ಆಕಾಶದಲ್ಲಿ ಹೊರಟ ದೀಪಗಳ ಸಾಲು

"ಭಾವಾ, ಬೇಗ ಅಂಗಳಕ್ಕೆ ಬನ್ನಿ, ಆಕಾಶದಲ್ಲಿ ರೈಲು ಹೋಗ್ತಾ ಉಂಟು!" 2021ರ ಡಿಸೆಂಬರ್‌ನ ಒಂದು ಸಂಜೆ ಬೆಳ್ತಂಗಡಿಯಲ್ಲಿರುವ ನನ್ನ ಭಾವನಿಂದ ಬಂದ ಫೋನು ಇದು. ಅಂದು ಕರಾವಳಿಯ ಅನೇಕ ಕಡೆ ಜನ ಕತ್ತೆತ್ತಿ ನಿಂತಿದ್ದರು. ದಾರಕ್ಕೆ ಪೋಣಿಸಿದ ಮಣಿಗಳಂತೆ ಒಂದರ ಹಿಂದೊಂದು ಬೆಳಕು, ಎಲ್ಲವೂ ಒಂದೇ ವೇಗ, ಚೂರೂ ಸದ್ದಿಲ್ಲ. ಆಮೇಲೆ ನಡು ಆಕಾಶದಲ್ಲೇ ಒಂದೊಂದಾಗಿ ನಂದಿಹೋದವು. ಭಾವನನ್ನು ಹೆದರಿಸಿದ್ದು ಈ ನಂದುವಿಕೆಯೇ.

ಅವು ಸ್ಪೇಸ್‌ಎಕ್ಸ್ ಕಂಪನಿಯ ಸ್ಟಾರ್‌ಲಿಂಕ್ ಉಪಗ್ರಹಗಳು. ಹಾರುವ ತಟ್ಟೆಯ ಕತೆಗಳು ಮೊಬೈಲಿನಿಂದ ಮೊಬೈಲಿಗೆ ಹಾರುವ ಮೊದಲು ಯಾರಾದರೂ ಇಷ್ಟನ್ನು ಹೇಳಿದ್ದರೆ ಎಷ್ಟೋ ಮನೆಗಳಲ್ಲಿ ಮಕ್ಕಳು ನೆಮ್ಮದಿಯಿಂದ ಮಲಗುತ್ತಿದ್ದರು. ಆದರೆ ಹೆಸರು ತಿಳಿದ ಮಾತ್ರಕ್ಕೆ ಭಾವನ ಪ್ರಶ್ನೆ ಬಗೆಹರಿಯಲಿಲ್ಲ: "ಅಷ್ಟು ದೂರ ಕಾಣುವ ದೀಪ ಅದರಲ್ಲಿ ಏನುಂಟು?"

ದೀಪವೇ ಇಲ್ಲ. ಉತ್ತರ ಅವರ ಅಂಗಳದಿಂದಲೇ ಕಾಣುತ್ತದೆ. ಸೂರ್ಯ ಕಡಲಿಗಿಳಿದು ಅಂಗಳ ಮಬ್ಬಾದಾಗ ತೆಂಗಿನ ಗರಿಗಳ ತುದಿಯಲ್ಲಿ ಇನ್ನೂ ಹೊಂಬಿಸಿಲಿರುತ್ತದೆ. ಅದೂ ಆರಿದ ಮೇಲೆ ಗಡಾಯಿಕಲ್ಲು ಬೆಟ್ಟದ ನೆತ್ತಿ ಕೆಂಪಗೆ ಉಳಿಯುತ್ತದೆ. ಅಲ್ಲೂ ಕತ್ತಲೆ ಏರಿದಾಗ ಕುದುರೆಮುಖದ ಶಿಖರ. ಎತ್ತರ ಹೆಚ್ಚಿದಷ್ಟೂ ಸೂರ್ಯಾಸ್ತ ತಡ. ಈ ಲೆಕ್ಕವನ್ನೇ ಮೇಲಕ್ಕೆ ಬೆಳೆಸಿ. 550 ಕಿಲೋಮೀಟರ್ ಎತ್ತರದ ಉಪಗ್ರಹ ನಮ್ಮ ನೆತ್ತಿಯ ಮೇಲಿದ್ದರೆ, ನಮಗೆ ಸೂರ್ಯ ಮುಳುಗಿ ಸುಮಾರು ಒಂದೂವರೆ ಗಂಟೆಯವರೆಗೂ ಅದಕ್ಕೆ ಬಿಸಿಲು ಸಿಗುತ್ತಿರುತ್ತದೆ. ನಾವು ಕತ್ತಲೆಯಲ್ಲಿ ನಿಂತು ನೋಡುವುದು ಅದರ ಮೈಗೆ ಬಡಿದು ಬಂದ ಬಿಸಿಲನ್ನೇ. ನಡುವೆ ಅದು ಭೂಮಿಯ ನೆರಳಿಗೆ ಹೊಕ್ಕರೆ ತಟ್ಟನೆ ಮಾಯ. ಚಂದ್ರಗ್ರಹಣದಲ್ಲಿ ಚಂದ್ರನನ್ನು ಮುಚ್ಚುವುದೂ ಇದೇ ನೆರಳು. ಹಿಂದೆ ಬರುತ್ತಿದ್ದ ಪ್ರತಿಯೊಂದೂ ಅದೇ ಗಡಿಗೆ ಬಂದು ನಂದಿತು, ಅಷ್ಟೆ.

ಸಾಲಾಗಿ ಹೋಗುವುದೇಕೆ? ಒಂದೇ ರಾಕೆಟ್ಟು ಅವನ್ನೆಲ್ಲ ಒಟ್ಟಿಗೆ, ಇನ್ನೂ ಕೆಳಗಿನ ಕಕ್ಷೆಯಲ್ಲಿ ಬಿಡುತ್ತದೆ. ಅಲ್ಲಿಂದ ಅವು ತಮ್ಮ ಪುಟ್ಟ ಎಂಜಿನ್ನುಗಳ ಬಲದಿಂದ ನಿಧಾನಕ್ಕೆ ಮೇಲೇರುತ್ತ ಚದುರುತ್ತವೆ. ಹಾಗಾಗಿ 'ರೈಲು' ಕಾಣುವುದು ಬಿಟ್ಟ ಮೊದಲ ದಿನಗಳಲ್ಲಿ. 2019ರ ಮೇ ತಿಂಗಳಲ್ಲಿ ಇಂಥ 60 ಉಪಗ್ರಹಗಳ ಮೊದಲ ಗುಂಪು ಹೋದ ಮರುರಾತ್ರಿಯೇ ನೆದರ್ಲೆಂಡ್ಸಿನ ಲೈಡನ್ನಿನಲ್ಲಿ ಮಾರ್ಕೊ ಲಾಂಗ್‌ಬ್ರುಕ್ ಎಂಬ ಆಕಾಶವೀಕ್ಷಕರು ಅದನ್ನು ಚಿತ್ರೀಕರಿಸಿದರು. ಕಕ್ಷೆಯನ್ನು ಮೊದಲೇ ಲೆಕ್ಕಹಾಕಿ, ಕ್ಯಾಮೆರಾ ಹೂಡಿ ಕಾದಿದ್ದರು ಅವರು. ಲೆಕ್ಕ ಗೊತ್ತಿದ್ದವನಿಗೆ ಆಕಾಶ ಹೇಗೆ ಒದಗಿಬರುತ್ತದೆ ನೋಡಿ!

ಇಂಥ ಬೆರಗು ಹೊಸತೇನಲ್ಲ. 1957ರ ಅಕ್ಟೋಬರ್‌ನಲ್ಲಿ ಜಗತ್ತಿನೆಲ್ಲೆಡೆ ಜನ 'ಸ್ಪುಟ್ನಿಕ್ ಕಂಡೆವು' ಎಂದು ಸಂಭ್ರಮಿಸಿದರು. ಸ್ಪುಟ್ನಿಕ್ ಉಪಗ್ರಹ ಬರೀ 58 ಸೆಂಟಿಮೀಟರಿನ ಗೋಳ. ಬಹುತೇಕ ಮಂದಿಯ ಬರಿಗಣ್ಣಿಗೆ ಬಿದ್ದದ್ದು ಅದನ್ನು ಹೊತ್ತೊಯ್ದು, ಜೊತೆಗೇ ಸುತ್ತುತ್ತಿದ್ದ ರಾಕೆಟ್ಟಿನ ಭಾಗ.

ಎಲ್ಲ ಬೆಳಕೂ ಉಪಗ್ರಹವೇ ಎಂದೂ ಅಲ್ಲ. ಮಿಣುಕುವ ಕೆಂಪು-ಹಸಿರು ದೀಪವಾದರೆ ವಿಮಾನ. ಬಾಲಬಿಟ್ಟು, ಚೂರುಚೂರಾಗುತ್ತ ಉರಿದರೆ ಉಲ್ಕೆ, ಇಲ್ಲವೇ ವಾತಾವರಣಕ್ಕೆ ಮರಳಿದ ರಾಕೆಟ್ಟು. 2022ರ ಏಪ್ರಿಲ್ 2ರಂದು ಮಹಾರಾಷ್ಟ್ರದ ಆಕಾಶದಲ್ಲಿ ಹಾಗೆ ಉರಿದದ್ದು ಚೀನಾದ ರಾಕೆಟ್ಟಿನ ತುಂಡೆಂದು ತಜ್ಞರು ಗುರುತಿಸಿದರು. ಚಂದ್ರಾಪುರ ಜಿಲ್ಲೆಯ ಹಳ್ಳಿಯೊಂದರಲ್ಲಿ ದೊಡ್ಡದೊಂದು ಲೋಹದ ಬಳೆಯೇ ಬಿದ್ದಿತ್ತು.

ಮುಂದಿನ ಸಲ ಇಂಥದ್ದು ಕಂಡರೆ ವಿಡಿಯೊ ಮಾಡುವ ಮೊದಲು ಗಡಿಯಾರ ನೋಡಿ. ಎಷ್ಟು ಗಂಟೆಗೆ, ಯಾವ ದಿಕ್ಕಿನಿಂದ ಬಂತು, ಎಲ್ಲಿ ನಂದಿತು ಎಂದು ಬರೆದಿಡಿ. ಉಪಗ್ರಹಗಳ ಪಥ ತೋರಿಸುವ ಆ್ಯಪ್‌ಗಳು ಪುಕ್ಕಟೆ ಸಿಗುತ್ತವೆ. ನೀವು ಬರೆದುಕೊಂಡ ಸಮಯವನ್ನು ಹಾಕಿದರೆ ನಿಮ್ಮ ಅಂಗಳದ ಮೇಲೆ ಹಾದುಹೋದದ್ದರ ಹೆಸರು ಬಹುಮಟ್ಟಿಗೆ ಅಲ್ಲೇ ಸಿಗುತ್ತದೆ.