ಕೋಟೆಯಲ್ಲಿ ಕಲ್ಯಾಣ: ಮಂಟಪಕ್ಕಿಂತ ಮೊದಲು ಕಾಗದ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದ ಹಿರಿಯರು ಅವೆರಡನ್ನೂ ಬೇರೆ ಬೇರೆ ಕಷ್ಟಗಳೆಂದೇ ಎಣಿಸಿದ್ದರು. ಯಾರೋ ಶತಮಾನಗಳ ಹಿಂದೆ ಕಟ್ಟಿದ ಕೋಟೆಯನ್ನು ಮೂರು ದಿನಗಳ ಮಟ್ಟಿಗೆ ಬಾಡಿಗೆಗೆ ಹಿಡಿದು, ಅಲ್ಲಿ ಎರಡು ದೇಶ, ಎರಡು ಧರ್ಮ ಮತ್ತು ಎರಡು ಅಡುಗೆಮನೆಗಳನ್ನು ಕೂಡಿಸಿ ಮದುವೆ ಮಾಡುವ ಕಾಲ ಬಂದೀತೆಂದು ಅವರು ಊಹಿಸಿರಲಾರರು.

2000ದ ಡಿಸೆಂಬರ್ 22ರಂದು ಗಾಯಕಿ ಮಡೋನಾ ಮತ್ತು ಚಿತ್ರ ನಿರ್ದೇಶಕ ಗೈ ರಿಚಿ ಉತ್ತರ ಸ್ಕಾಟ್ಲೆಂಡ್‌ನ ಸ್ಕಿಬೊ ಕೋಟೆಯಲ್ಲಿ ವಿವಾಹವಾದರು. 2007ರ ಮಾರ್ಚ್‌ನಲ್ಲಿ ನಟಿ ಎಲಿಜಬೆತ್ ಹರ್ಲಿ ಮತ್ತು ಉದ್ಯಮಿ ಅರುಣ್ ನಾಯರ್ ಅವರ ಮದುವೆ ಇಂಗ್ಲೆಂಡ್‌ನ ಸೂಡ್ಲಿ ಕೋಟೆಯಲ್ಲಿ ಒಮ್ಮೆ, ಜೋಧಪುರದಲ್ಲಿ ಹಿಂದೂ ಪದ್ಧತಿಯಂತೆ ಮತ್ತೊಮ್ಮೆ ನಡೆಯಿತು. 2018ರ ನವೆಂಬರ್ 14 ಮತ್ತು 15ರಂದು ಬೆಂಗಳೂರಿನ ದೀಪಿಕಾ ಪಡುಕೋಣೆ ಹಾಗೂ ರಣವೀರ್ ಸಿಂಗ್ ಇಟಲಿಯ ಕೋಮೊ ಸರೋವರದ ದಡದ ಹಳೆಯ ಬಂಗಲೆಯಲ್ಲಿ ಮೊದಲ ದಿನ ಕೊಂಕಣಿ, ಮರುದಿನ ಸಿಂಧಿ ಸಂಪ್ರದಾಯದಂತೆ ಸತಿಪತಿಗಳಾದರು.

ತಾರೆಯರ ಈ ಮದುವೆಗಳ ಚಿತ್ರಗಳನ್ನು ಕಂಡವರು ಬಹಳ. ಆದರೆ ಹೊರದೇಶದಲ್ಲಿ ಓದಿ, ಉದ್ಯೋಗ ಹಿಡಿದು, ಅಲ್ಲಿಯವರನ್ನೇ ಸಂಗಾತಿಯಾಗಿ ಆರಿಸಿಕೊಂಡ ಮಕ್ಕಳಿರುವ ಮನೆಗಳಲ್ಲಿ ಇದು ಬರಿಯ ಚಿತ್ರವಲ್ಲ, ಮುಂದಿನ ವರ್ಷದ ಖರ್ಚಿನ ಲೆಕ್ಕ. ಇಂಥ ಮದುವೆಯಲ್ಲಿ ಮೊದಲು ಗೊತ್ತುಪಡಿಸಬೇಕಾದುದು ಕೋಟೆಯನ್ನಲ್ಲ. ಮದುವೆ ಯಾವ ಕಾನೂನಿನಡಿ, ಯಾರ ಕೈಯಿಂದ ನಡೆಯುತ್ತದೆ ಎಂಬುದನ್ನು. ಇದನ್ನು ಮರೆತರೆ ಅಗ್ನಿಸಾಕ್ಷಿಯಾಗಿ ಏಳು ಹೆಜ್ಜೆ ಇಟ್ಟವರೂ ಕಾನೂನಿನ ಕಣ್ಣಿನಲ್ಲಿ ಅವಿವಾಹಿತರಾಗಿಯೇ ಉಳಿಯಬಹುದು.

ಸ್ಕಾಟ್ಲೆಂಡ್ ಏಕೆ?

ಕೋಟೆ ಮದುವೆ ಎಂದೊಡನೆ ಸ್ಕಾಟ್ಲೆಂಡ್‌ನ ಹೆಸರು ಕೇಳಿಬರಲು ಅಲ್ಲಿನ ಕೋಟೆಗಳು ಮಾತ್ರ ಕಾರಣವಲ್ಲ, ಕಾನೂನೂ ಕಾರಣ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ವಿವಾಹದ ಅನುಮತಿ ಮುಖ್ಯವಾಗಿ ಸ್ಥಳಕ್ಕೆ ಸಂಬಂಧಿಸಿದ್ದು. 1994ರ ಕಾಯ್ದೆಯ ಬಳಿಕ, 1995ರಿಂದ, ಪರವಾನಗಿ ಪಡೆದ ಕೋಟೆ ಅಥವಾ ಹೋಟೆಲಿನಲ್ಲಿ ರಿಜಿಸ್ಟ್ರಾರ್ ಸಮ್ಮುಖದಲ್ಲಿ ಮದುವೆಯಾಗಬಹುದು. ಆದರೆ ಆ ಸಮಾರಂಭ ಧಾರ್ಮಿಕ ಸ್ವರೂಪದ್ದಾಗಿರಕೂಡದು. ಹೀಗಾಗಿ ಇಂಗ್ಲೆಂಡ್‌ನ ಕೋಟೆಯಲ್ಲಿ ರಿಜಿಸ್ಟ್ರಾರ್ ಮುಂದಿನ ವಿವಾಹವೇ ಬೇರೆ, ಮಂಟಪದ ಶಾಸ್ತ್ರವೇ ಬೇರೆ.

ಫ್ರಾನ್ಸ್‌ನಲ್ಲಿ ನಿಯಮ ಇನ್ನೂ ಬಿಗಿ. ಪುರಭವನದಲ್ಲಿ ಮೇಯರ್ ಅಥವಾ ಅವರ ಪ್ರತಿನಿಧಿಯ ಮುಂದೆ ನಡೆದುದೇ ಮದುವೆ. ಧಾರ್ಮಿಕ ವಿಧಿ ಅದರ ನಂತರವಷ್ಟೆ. 2007ರ ಜುಲೈನಲ್ಲಿ ಅಮೆರಿಕದ ನಟಿ ಇವಾ ಲೊಂಗೋರಿಯಾ ಮತ್ತು ಫ್ರೆಂಚ್ ಬ್ಯಾಸ್ಕೆಟ್‌ಬಾಲ್ ಆಟಗಾರ ಟೋನಿ ಪಾರ್ಕರ್ ಇದೇ ಕ್ರಮ ಅನುಸರಿಸಿದರು. ಒಂದು ದಿನ ಪ್ಯಾರಿಸ್‌ನ ಪುರಭವನ, ಮರುದಿನ ಚರ್ಚು, ಆಮೇಲೆ ವೋ-ಲ-ವಿಕಾಂತ್ ಅರಮನೆಯಲ್ಲಿ ಔತಣ.

ಸ್ಕಾಟ್ಲೆಂಡ್‌ನ 1977ರ ವಿವಾಹ ಕಾಯ್ದೆ ಇವೆರಡಕ್ಕಿಂತ ಭಿನ್ನ. ಅಲ್ಲಿ ಅಧಿಕಾರವಿರುವುದು ಸ್ಥಳಕ್ಕಲ್ಲ, ಮದುವೆ ಮಾಡಿಸುವ ವ್ಯಕ್ತಿಗೆ. ಅಧಿಕಾರ ಪಡೆದ ಪಾದ್ರಿಯಾಗಲಿ, ಪುರೋಹಿತರಾಗಲಿ ಕೋಟೆಯ ಸಭಾಂಗಣದಲ್ಲಿಯೂ ಮದುವೆ ಮಾಡಿಸಬಹುದು, ಸರೋವರದ ದಡದಲ್ಲಿಯೂ ಮಾಡಿಸಬಹುದು. 2005ರಿಂದ ಮಾನವತಾವಾದಿ ಸಂಘಟನೆಯವರು ನಡೆಸುವ ಮದುವೆಗಳಿಗೂ ಮಾನ್ಯತೆಯಿದೆ.

ಒಂದೇ ಹಾಳೆ, ಒಂದೇ ಮದುವೆ

ವಧು ಮತ್ತು ವರ ಇಬ್ಬರೂ ‘ಎಂ-10’ ಎಂಬ ಪ್ರತ್ಯೇಕ ಅರ್ಜಿಯನ್ನು ಮದುವೆ ನಡೆಯುವ ಜಿಲ್ಲೆಯ ರಿಜಿಸ್ಟ್ರಾರ್ ಕಚೇರಿಗೆ ಸಲ್ಲಿಸಬೇಕು. ಅದು ಮದುವೆಗೆ ಮೂರು ತಿಂಗಳಿಗಿಂತ ಮೊದಲು ಸಲ್ಲುವಂತಿಲ್ಲ; 29 ದಿನಗಳಿಗಿಂತ ತಡವಾಗುವಂತಿಲ್ಲ. ಜನನ ಪ್ರಮಾಣಪತ್ರ, ಪಾಸ್‌ಪೋರ್ಟ್, ಹಿಂದೆ ಮದುವೆಯಾಗಿದ್ದರೆ ವಿಚ್ಛೇದನದ ಅಥವಾ ಸಂಗಾತಿಯ ಮರಣದ ದಾಖಲೆ ಅಗತ್ಯ. ಬ್ರಿಟನ್ನಿನ ಹೊರಗೆ ನೆಲೆಸಿರುವವರು ತಮ್ಮ ಮದುವೆಗೆ ಕಾನೂನಿನ ಅಡ್ಡಿಯಿಲ್ಲವೆಂಬ ಪ್ರಮಾಣಪತ್ರವನ್ನೂ ಒದಗಿಸಬೇಕಾಗುತ್ತದೆ.

ಎಲ್ಲವೂ ಸರಿಯಿದ್ದರೆ ರಿಜಿಸ್ಟ್ರಾರ್ ‘ಮ್ಯಾರೇಜ್ ಷೆಡ್ಯೂಲ್’ ಎಂಬ ಹಾಳೆ ಸಿದ್ಧಪಡಿಸುತ್ತಾರೆ. ಇಡೀ ಮದುವೆಯ ಜೀವ ಇರುವುದು ಇದರಲ್ಲಿಯೇ. ಧಾರ್ಮಿಕ ಮದುವೆಯಾದರೆ ಇದನ್ನು ಮುಂಚಿತವಾಗಿ ಪಡೆದು, ಮದುವೆ ಮಾಡಿಸುವವರ ಕೈಗೆ ಒಪ್ಪಿಸಬೇಕು. ಹಾಳೆಯಿಲ್ಲದೆ ಮದುವೆ ನಡೆಸುವಂತಿಲ್ಲ. ಸಮಾರಂಭದ ಬಳಿಕ ವಧೂವರರು, 16 ವರ್ಷ ತುಂಬಿದ ಇಬ್ಬರು ಸಾಕ್ಷಿಗಳು ಮತ್ತು ಮದುವೆ ಮಾಡಿಸಿದವರು ಸಹಿ ಹಾಕಿ, ಮೂರು ದಿನಗಳೊಳಗೆ ಅದನ್ನು ಕಚೇರಿಗೆ ತಲುಪಿಸಬೇಕು.

ಹಾಳೆ ಒಂದೇ ಆದ್ದರಿಂದ ಕಾನೂನುಬದ್ಧ ಮದುವೆಯೂ ಒಂದೇ. ಶುಕ್ರವಾರ ಮಂಟಪದಲ್ಲಿ ಧಾರೆ, ಶನಿವಾರ ಪಾದ್ರಿಯ ಮುಂದೆ ಪ್ರತಿಜ್ಞೆ ಎಂದಿದ್ದರೆ ಅವೆರಡರಲ್ಲಿ ಸಹಿ ಯಾವುದರ ಬಳಿಕ ಎಂಬುದನ್ನು ಎರಡೂ ಕುಟುಂಬಗಳು ಮೊದಲೇ ತೀರ್ಮಾನಿಸಿಕೊಳ್ಳಬೇಕು. ಉಳಿದದ್ದು ಕಾನೂನಿನ ದೃಷ್ಟಿಯಲ್ಲಿ ಆಶೀರ್ವಾದವಷ್ಟೆ. ಮೈಸೂರಿನಿಂದಲೋ ಉಡುಪಿಯಿಂದಲೋ ಕರೆದೊಯ್ದ ಪುರೋಹಿತರಿಗೆ ಸ್ಕಾಟ್ಲೆಂಡ್‌ನಲ್ಲಿ ಮದುವೆ ಮಾಡಿಸುವ ಅಧಿಕಾರ ತಾನಾಗಿ ಬರುವುದಿಲ್ಲ. ಅಲ್ಲಿನ ರಿಜಿಸ್ಟ್ರಾರ್ ಜನರಲ್ ಅವರಿಂದ ತಾತ್ಕಾಲಿಕ ಅನುಮತಿ ಪಡೆಯಲು ಕಾಯ್ದೆಯಲ್ಲಿ ಅವಕಾಶವಿದೆ. ಅದು ದೊರೆಯದಿದ್ದರೆ ರಿಜಿಸ್ಟ್ರಾರ್ ಮುಂದೆ ಮೊದಲೇ ಮದುವೆಯಾಗಿ, ಕೋಟೆಯಲ್ಲಿ ಶಾಸ್ತ್ರಗಳನ್ನು ನಿಶ್ಚಿಂತೆಯಿಂದ ನಡೆಸುವುದು ಕ್ಷೇಮ.

ವೀಸಾ ವಿಷಯದಲ್ಲಿಯೂ ಇದೇ ಎಚ್ಚರ ಬೇಕು. ಮದುವೆಯಾಗಿ ಹಿಂದಿರುಗುವ ಭಾರತೀಯ ವಧು ಅಥವಾ ವರನಿಗೆ ‘ಮ್ಯಾರೇಜ್ ವಿಸಿಟರ್’ ವೀಸಾ ಬೇಕು. ಸಾಮಾನ್ಯ ಪ್ರವಾಸಿ ವೀಸಾದಲ್ಲಿ ಹೋಗಿ ಮದುವೆಯಾಗುವಂತಿಲ್ಲ. ಅತಿಥಿಗಳಿಗೆ ಸಾಮಾನ್ಯ ಸಂದರ್ಶಕರ ವೀಸಾ ಸಾಕು. ಅದಕ್ಕೆ ಪ್ರಯಾಣಕ್ಕೆ ಮೂರು ತಿಂಗಳು ಮೊದಲಿನಿಂದ ಅರ್ಜಿ ಹಾಕಬಹುದು. ಅಜ್ಜಿಯ ಪಾಸ್‌ಪೋರ್ಟ್ ಅವಧಿ ಮುಗಿದಿದೆಯೆಂಬುದು ತಿಳಿಯಬೇಕಾದುದು ಕೋಟೆಗೆ ಮುಂಗಡ ಕೊಡುವ ಮೊದಲೇ ಹೊರತು ಆಮೇಲಲ್ಲ.

ಭಾರತದ ಕಾನೂನು ಏನೆನ್ನುತ್ತದೆ?

ಭಾರತದಲ್ಲಿಯೇ ಯಾವುದಾದರೊಂದು ಕೋಟೆ ಅಥವಾ ಅರಮನೆಯಲ್ಲಿ ಮದುವೆ ಮಾಡುವವರಿಗೂ ಈ ಪ್ರಶ್ನೆ ತಪ್ಪಿದ್ದಲ್ಲ. 1955ರ ಹಿಂದೂ ವಿವಾಹ ಕಾಯ್ದೆ ಅನ್ವಯವಾಗುವುದು ಇಬ್ಬರೂ ಹಿಂದೂಗಳಾಗಿದ್ದಾಗ ಮಾತ್ರ. ಒಬ್ಬರು ಕ್ರೈಸ್ತರೋ ಅನ್ಯಧರ್ಮೀಯರೋ ಆಗಿದ್ದರೆ 1954ರ ವಿಶೇಷ ವಿವಾಹ ಕಾಯ್ದೆಯ ದಾರಿಯಿದೆ. ಅದರಂತೆ 30 ದಿನಗಳ ನೋಟಿಸ್ ಅಗತ್ಯ; ಇಬ್ಬರಲ್ಲಿ ಒಬ್ಬರು ಆ ಜಿಲ್ಲೆಯಲ್ಲಿ ಕನಿಷ್ಠ 30 ದಿನ ವಾಸವಾಗಿರಬೇಕು. ವಿದೇಶದಲ್ಲಿ ನಡೆಯುವ ಮದುವೆಗೆ, ಒಬ್ಬರಾದರೂ ಭಾರತೀಯ ಪ್ರಜೆಯಾಗಿದ್ದರೆ, 1969ರ ವಿದೇಶಿ ವಿವಾಹ ಕಾಯ್ದೆಯಡಿ ವಿವಾಹಾಧಿಕಾರಿಯ ಮುಂದೆ ಮದುವೆಯಾಗುವ ಅವಕಾಶವೂ ಇದೆ.

2024ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ನೀಡಿದ ತೀರ್ಪೊಂದು ಇಲ್ಲಿ ಗಮನಾರ್ಹ. ಕರ್ನಾಟಕ ಮೂಲದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರಿದ್ದ ಪೀಠವು, ಹಿಂದೂ ವಿವಾಹ ಹಾಡು, ಕುಣಿತ, ಔತಣಗಳ ಸಂದರ್ಭವಷ್ಟೇ ಅಲ್ಲವೆಂದೂ, ಅಗತ್ಯ ವಿಧಿಗಳು ನಡೆಯದಿದ್ದರೆ ಬರಿಯ ನೋಂದಣಿ ಪತ್ರದಿಂದ ಮದುವೆ ಸಿಂಧುವಾಗದೆಂದೂ ಹೇಳಿತು. ಅಂದರೆ ಒಂದು ಕಡೆ ಕಾಗದವಿಲ್ಲದ ಶಾಸ್ತ್ರ ಸಾಲದು. ಹಿಂದೂ ವಿವಾಹ ಕಾಯ್ದೆಯಡಿ ಶಾಸ್ತ್ರವಿಲ್ಲದ ಕಾಗದವೂ ಸಾಲದು.

ಆಷಾಢ ಮತ್ತು ಬೇಸಿಗೆ

ಕಾನೂನಿನ ಬಳಿಕ ದಿನಾಂಕ. ಸ್ಕಾಟ್ಲೆಂಡ್‌ನಲ್ಲಿ ಮದುವೆಗೆ ಹೇಳಿಮಾಡಿಸಿದ ಕಾಲ ಬೇಸಿಗೆ. ಜೂನ್ ಉತ್ತರಾರ್ಧದಲ್ಲಿ ಎಡಿನ್‌ಬರೋದಲ್ಲಿ ಹಗಲು ಸುಮಾರು ಹದಿನೇಳೂವರೆ ತಾಸು. ಡಿಸೆಂಬರ್ ಕೊನೆಯಲ್ಲಿ ಏಳೇ ತಾಸು. ಆದರೆ ಜೂನ್ ಕೊನೆ ಮತ್ತು ಜುಲೈಯಲ್ಲಿ ಸಾಮಾನ್ಯವಾಗಿ ಆಷಾಢ ಬರುತ್ತದೆ. 2026ರಲ್ಲಂತೂ ಮೇ 17ರಿಂದ ಜೂನ್ 15ರವರೆಗೆ ಅಧಿಕ ಜ್ಯೇಷ್ಠ. ಇವೆರಡನ್ನೂ ಬಿಡುವ ಮನೆಗಳಿಗೆ ನಿಜ ಜ್ಯೇಷ್ಠ ಅಥವಾ ಶ್ರಾವಣವೇ ಗತಿ. ಆ ಹೊತ್ತಿನಲ್ಲಿ ಹೈಲ್ಯಾಂಡ್ಸ್ ಪ್ರದೇಶದಲ್ಲಿ ‘ಮಿಜ್’ ಎಂಬ ಸಣ್ಣ ಕಚ್ಚುಹುಳುಗಳ ಕಾಟವಿರುವುದರಿಂದ ಸಂಜೆಯ ಸಮಾರಂಭವನ್ನು ಒಳಾಂಗಣದಲ್ಲಿಡುವುದು ಲೇಸು.

ಮುಹೂರ್ತದ ಲೆಕ್ಕದಲ್ಲಿಯೂ ಒಂದು ತೊಡಕಿದೆ. ಬೇಸಿಗೆಯಲ್ಲಿ ಬ್ರಿಟನ್ ಭಾರತಕ್ಕಿಂತ ನಾಲ್ಕೂವರೆ ತಾಸು ಹಿಂದಿರುತ್ತದೆ. ತಿಥಿ, ನಕ್ಷತ್ರಗಳು ಮುಗಿಯುವ ಕ್ಷಣ ಜಗತ್ತಿಗೆಲ್ಲ ಒಂದೇ ಆದ್ದರಿಂದ ಅವುಗಳಿಗೆ ಈ ನಾಲ್ಕೂವರೆ ತಾಸು ಕಳೆದರೆ ಸಾಕು. ಆದರೆ ಸೂರ್ಯೋದಯ ಮತ್ತು ಲಗ್ನ ಆಯಾ ಊರಿನ ಅಕ್ಷಾಂಶ, ರೇಖಾಂಶವನ್ನು ಅವಲಂಬಿಸುತ್ತವೆ. ಹಾಗಾಗಿ ಬೆಂಗಳೂರಿನ ಪಂಚಾಂಗದ ಲಗ್ನ ಅಲ್ಲಿಗೆ ಸಲ್ಲದು. ಮದುವೆಯ ಊರಿಗೇ ಗಣಿಸಬೇಕು.

ಅರುಂಧತಿ ದರ್ಶನದ ವಿಚಾರವೂ ಕುತೂಹಲಕರ. ಆ ಅಕ್ಷಾಂಶದಲ್ಲಿ ಸಪ್ತರ್ಷಿ ಮಂಡಲದ ವಸಿಷ್ಠ, ಅರುಂಧತಿ ನಕ್ಷತ್ರಗಳು ಮುಳುಗುವುದೇ ಇಲ್ಲ. ಆದರೆ ಜೂನ್‌ನಲ್ಲಿ ನಡುರಾತ್ರಿಯಾದರೂ ಆಕಾಶ ಪೂರ್ಣ ಕಪ್ಪಾಗದ ಕಾರಣ, ಅಲ್ಲಿಯೂ ಬೆರಳು ತೋರಿ ಶಾಸ್ತ್ರ ಮುಗಿಸುವುದೇ ಆದೀತು.

ಬೆಂಕಿ, ಅರಿಶಿನ, ಅಕ್ಷತೆ

ಕೋಟೆಯವರೊಡನೆ ಕರಾರು ಮಾಡಿಕೊಳ್ಳುವಾಗ ಕೇಳಬೇಕಾದ ಮೊದಲ ಪ್ರಶ್ನೆ ಕೋಣೆಗಳ ಸಂಖ್ಯೆಯಲ್ಲ, ಹೋಮಕ್ಕೆ ಅನುಮತಿ ಇದೆಯೇ ಎಂಬುದು. ಹಳೆಯ ಕಟ್ಟಡದವರಿಗೆ ಬೆಂಕಿಯ ಭಯ ಅಕಾರಣವಲ್ಲ. 1992ರ ನವೆಂಬರ್ 20ರಂದು ವಿಂಡ್ಸರ್ ಕೋಟೆಯಲ್ಲಿ ಪರದೆಗೆ ತಾಗಿದ ದೀಪವೊಂದರಿಂದ ಹೊತ್ತಿಕೊಂಡ ಬೆಂಕಿ ನೂರಕ್ಕೂ ಹೆಚ್ಚು ಕೋಣೆಗಳಿಗೆ ಹಾನಿ ಮಾಡಿತು. ದುರಸ್ತಿಗೆ ಐದು ವರ್ಷ ಹಿಡಿಯಿತು. ತಗಲಿದ ವೆಚ್ಚ ಸುಮಾರು 3.65 ಕೋಟಿ ಪೌಂಡ್.

ಆದ್ದರಿಂದ ಹೋಮಕುಂಡದ ಅಳತೆ, ಅದರಡಿಯ ಲೋಹದ ತಟ್ಟೆ, ಹೊಗೆ ಪತ್ತೆ ಯಂತ್ರವನ್ನು ಯಾರು ಎಷ್ಟು ಹೊತ್ತು ನಿಲ್ಲಿಸುತ್ತಾರೆ, ಅಗ್ನಿಶಾಮಕ ಸಾಧನ ಹಿಡಿದು ಯಾರು ನಿಲ್ಲುತ್ತಾರೆ ಎಂಬುದೆಲ್ಲ ಬರಹದಲ್ಲಿರಬೇಕು. ಒಳಗೆ ಸಾಧ್ಯವಿಲ್ಲವೆಂದಾದರೆ ಅಂಗಳದ ಚಪ್ಪರದಲ್ಲಿ ಲಾಜಹೋಮ ಮತ್ತು ಸಪ್ತಪದಿ ಮುಗಿಸಿ ಒಳಗೆ ಬರುವ ಏರ್ಪಾಡು ಮಾಡಿಕೊಳ್ಳಬೇಕು.

ಅರಿಶಿನದ ಕಲೆ ಕಲ್ಲಿಗೂ ರತ್ನಗಂಬಳಿಗೂ ಹತ್ತಿದರೆ ಹೋಗದು. ಅರಿಶಿನದ ಶಾಸ್ತ್ರ, ಅಕ್ಷತೆ, ಕಾಯಿ ಒಡೆಯುವುದು, ಗೋಡೆಗೆ ಮೊಳೆ ಹೊಡೆದು ತೋರಣ ಕಟ್ಟುವುದು ಇವೆಲ್ಲಕ್ಕೂ ಮುಂಚಿತ ಒಪ್ಪಿಗೆ ಅಗತ್ಯ. ಕೋಟೆಗಳ ಸುರುಳಿ ಮೆಟ್ಟಿಲು ಹಿರಿಯರ ಮಂಡಿಗೆ ಒಗ್ಗುವುದಿಲ್ಲವೆಂಬುದನ್ನೂ ನೆನಪಿಡಬೇಕು. ನೆಲಮಹಡಿಯ ಕೋಣೆಗಳನ್ನು ಅವರಿಗಾಗಿಯೇ ಮೀಸಲಿಡುವುದು ಒಳಿತು.

ಬೆರೆಸುವುದಲ್ಲ, ಜೊತೆಗಿಡುವುದು

ಎರಡು ಸಂಪ್ರದಾಯಗಳನ್ನು ಒಂದೇ ತಾಸಿನಲ್ಲಿ ಕಲಸಿದರೆ ಎರಡೂ ಅರ್ಧಂಬರ್ಧವಾಗುತ್ತವೆ. ಹಲವು ದಿನಗಳ ಮದುವೆಯ ಲಾಭವಿರುವುದು ಇಲ್ಲಿಯೇ. ಮೊದಲ ದಿನ ಸಂಜೆ ದೇವರ ಸಮಾರಾಧನೆ, ಅರಿಶಿನ ಮತ್ತು ಮೆಹೆಂದಿ. ಎರಡನೆಯ ದಿನ ಕಾಶಿಯಾತ್ರೆಯಿಂದ ಸಪ್ತಪದಿಯವರೆಗಿನ ಶಾಸ್ತ್ರ. ಮೂರನೆಯ ದಿನ ಸ್ಕಾಟಿಷ್ ವಿಧಿ, ಔತಣ ಮತ್ತು ‘ಕೇಲಿ’ ಎಂಬ ಗುಂಪುನೃತ್ಯ. ಹೀಗೆ ವಿಂಗಡಿಸಿದರೆ ಪ್ರತಿಯೊಂದಕ್ಕೂ ಪೂರ್ಣ ಸಮಯ ದೊರೆಯುತ್ತದೆ.

ಸಹಜವಾಗಿ ಕೂಡುವ ಸಂಗತಿಗಳೂ ಇಲ್ಲದಿಲ್ಲ. ವಧೂವರರ ಕೈಗಳನ್ನು ದಾರ ಅಥವಾ ಟಾರ್ಟನ್ ಪಟ್ಟಿಯಿಂದ ಬಿಗಿಯುವ ಸ್ಕಾಟಿಷ್ ‘ಹ್ಯಾಂಡ್‌ಫಾಸ್ಟಿಂಗ್’ ನಮ್ಮ ಬ್ರಹ್ಮಗಂಟನ್ನು ಕಂಡವರಿಗೆ ಹೊಸತೆನಿಸದು. ಕಾಶಿಗೆ ಹೊರಟ ವರನ ಮುಂದೆ ಬ್ಯಾಗ್‌ಪೈಪ್ ನುಡಿಸಬಹುದು. ಅವನ ಕೈಯ ಕೊಡೆ ಅಲ್ಲಿನ ಮಳೆಗೆ ನಿಜವಾಗಿಯೇ ಬೇಕಾದೀತು. ಎರಡು ಹಿಡಿಕೆಯ ಬಟ್ಟಲಿನಲ್ಲಿ ವಿಸ್ಕಿ ಹಂಚಿಕೊಳ್ಳುವ ಪದ್ಧತಿ ಹಿರಿಯರಿಗೆ ಒಪ್ಪಿಗೆಯಾಗದಿದ್ದರೆ ಬಟ್ಟಲು ಅದೇ ಇರಲಿ, ಪಾನೀಯ ಬೇರೆಯಾಗಲಿ. ಅಂತರಪಟ ಏಕೆ, ಜೀರಿಗೆ-ಬೆಲ್ಲ ಏಕೆ ಎಂಬುದನ್ನು ಎರಡೂ ಭಾಷೆಯಲ್ಲಿ ಅಚ್ಚುಮಾಡಿದ ನಾಲ್ಕು ಪುಟದ ಪುಸ್ತಿಕೆ ಅತಿಥಿಗಳನ್ನು ಬರಿಯ ಪ್ರೇಕ್ಷಕರಾಗಿಸದೆ ಒಳಗೊಳ್ಳುತ್ತದೆ.

ಆದರೆ ಧರ್ಮದ ನಿಯಮಗಳನ್ನು ಊಹೆಯ ಮೇಲೆ ಬಿಡಬಾರದು. ಗುರುಗ್ರಂಥ ಸಾಹಿಬ್ ಅನ್ನು ಗುರುದ್ವಾರದ ಹೊರಗೆ ಕೊಂಡೊಯ್ದು ಮದುವೆ ನಡೆಸುವುದಕ್ಕೆ ಅಕಾಲ್ ತಖ್ತ್‌ನ ನಿಷೇಧವಿದೆ. 2018ರ ಕೋಮೊ ಮದುವೆಯ ಸಂದರ್ಭದಲ್ಲಿ ಇಟಲಿಯ ಸಿಖ್ಖರಿಂದ ಈ ಕುರಿತು ಆಕ್ಷೇಪ ಕೇಳಿಬಂದಿತ್ತು. ಚರ್ಚ್ ಆಫ್ ಸ್ಕಾಟ್ಲೆಂಡ್‌ನ ಪಾದ್ರಿ ಕೋಟೆಗೆ ಬರಬಹುದು. ಕ್ಯಾಥೊಲಿಕ್ ವಿಧಿ ಸಾಮಾನ್ಯವಾಗಿ ಚರ್ಚಿನಲ್ಲಿಯೇ ನಡೆಯಬೇಕು, ಕ್ರೈಸ್ತರಲ್ಲದವರೊಡನೆ ಮದುವೆಗೆ ಬಿಷಪ್ ಅವರ ವಿಶೇಷ ಅನುಮತಿಯೂ ಬೇಕು.

ಊಟ ಮತ್ತು ಖರ್ಚು

ಬಾಳೆಲೆ ಊಟದ ಆಸೆಯುಳ್ಳವರು ಗಮನಿಸಬೇಕಾದ ಸಂಗತಿ: ಭಾರತದಿಂದ ಹಾಲು, ತುಪ್ಪ, ಪೇಡದಂಥ ಹಾಲಿನ ಪದಾರ್ಥಗಳನ್ನು ಪ್ರಯಾಣಿಕರು ಬ್ರಿಟನ್ನಿಗೆ ಒಯ್ಯುವಂತಿಲ್ಲ. ಮಾವಿನ ಎಲೆಯಂಥ ಸಸ್ಯಭಾಗಗಳಿಗೆ ಆರೋಗ್ಯ ಪ್ರಮಾಣಪತ್ರ ಬೇಕು. ಗ್ಲಾಸ್ಗೋ, ಲಂಡನ್, ಲೆಸ್ಟರ್ ನಗರಗಳ ಭಾರತೀಯ ಅಂಗಡಿಗಳಲ್ಲಿ ಕೊಳ್ಳುವುದೇ ಸುಲಭ. ಹೊರಗಿನ ಅಡುಗೆಯವರನ್ನು ಕೋಟೆಯವರು ಒಳಬಿಡುತ್ತಾರೆಯೇ, ಒಗ್ಗರಣೆಗೆ ಒಲೆ ಹಚ್ಚಲು ಬಿಡುತ್ತಾರೆಯೇ ಎಂಬುದೂ ಕರಾರಿನಲ್ಲಿರಲಿ.

ಭಾರತದಿಂದ ಹಣ ಕಳುಹಿಸುವವರಿಗೆ ರಿಸರ್ವ್ ಬ್ಯಾಂಕ್ ವಿಧಿಸಿರುವ ಮಿತಿ ಒಬ್ಬರಿಗೆ ವರ್ಷಕ್ಕೆ 2.5 ಲಕ್ಷ ಡಾಲರ್. 2025ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ನಿಯಮದಂತೆ, ಶಿಕ್ಷಣ ಮತ್ತು ಚಿಕಿತ್ಸೆಗಲ್ಲದ ಉದ್ದೇಶಕ್ಕೆ ವರ್ಷದಲ್ಲಿ 10 ಲಕ್ಷ ರೂಪಾಯಿ ಮೀರಿ ಕಳುಹಿಸಿದರೆ ಮೀರಿದ ಮೊತ್ತದ ಮೇಲೆ ಶೇ 20ರಷ್ಟನ್ನು ಬ್ಯಾಂಕು ಮುಂಗಡ ತೆರಿಗೆಯಾಗಿ ಹಿಡಿಯುತ್ತದೆ. ಆದಾಯ ತೆರಿಗೆ ಲೆಕ್ಕದಲ್ಲಿ ಅದನ್ನು ಮರಳಿ ಹೊಂದಿಸಿಕೊಳ್ಳಬಹುದಾದರೂ, ಆ ಹೊತ್ತಿಗೆ ಅಷ್ಟು ಹಣ ಕೈಯಲ್ಲಿರಬೇಕು.

ಕೊನೆಗೆ ಉಳಿಯುವುದು

ಅತಿಥಿಗಳು ಹೊರಟ ಮೇಲೂ ಒಂದು ಕೆಲಸ ಬಾಕಿಯಿರುತ್ತದೆ. ರಿಜಿಸ್ಟ್ರಾರ್ ಕಚೇರಿಯಿಂದ ವಿವಾಹ ಪ್ರಮಾಣಪತ್ರ ಪಡೆದು, ಅದಕ್ಕೆ ಬ್ರಿಟನ್ ಸರ್ಕಾರದ ‘ಅಪೋಸ್ಟಿಲ್’ ಮುದ್ರೆ ಹಾಕಿಸಬೇಕು. ಪಾಸ್‌ಪೋರ್ಟಿನಲ್ಲಿ ಸಂಗಾತಿಯ ಹೆಸರು ಸೇರಿಸಲು, ವೀಸಾ ಪಡೆಯಲು, ಮುಂದೆ ಉತ್ತರಾಧಿಕಾರದ ಪ್ರಶ್ನೆ ಬಂದಾಗ ಕೇಳುವುದು ಇದನ್ನೇ. ಭಾರತೀಯರನ್ನು ಮದುವೆಯಾದ ವಿದೇಶಿಯರು ಸಾಗರೋತ್ತರ ಭಾರತೀಯ ಪೌರ ಕಾರ್ಡಿಗೆ ಅರ್ಜಿ ಹಾಕಬೇಕಾದರೆ ಮದುವೆ ನೋಂದಣಿಯಾಗಿ ಎರಡು ವರ್ಷ ಕಳೆದಿರಬೇಕು.

ಆದ್ದರಿಂದ ಕ್ರಮ ಹೀಗಿರಲಿ: ಮೊದಲು ಕಾನೂನು, ಬಳಿಕ ದಿನಾಂಕ, ಆಮೇಲೆ ಹೋಮದ ಅನುಮತಿ, ಅದಾದ ಮೇಲೆ ಕೋಟೆಯ ಮುಂಗಡ. ಹೂವು, ವಾದ್ಯ, ಛಾಯಾಚಿತ್ರಗಳಿಗೆ ಅನಂತರವೂ ಕಾಲವಿದೆ. ಕೋಟೆ ಮೂರು ದಿನಗಳ ಬಳಿಕ ಅದರ ಯಜಮಾನರಿಗೆ ಮರಳುತ್ತದೆ. ಎರಡು ಮನೆಗಳ ಬೀಗತನ ಮತ್ತು ಆ ಒಂದು ಹಾಳೆ ಮಾತ್ರ ದಂಪತಿಯ ಜೊತೆಗಿರುತ್ತವೆ.