ಬೇಟೆಯ ಈಡು: ದೊಡ್ಡ ಮೃಗಗಳಿಗೆ ತೋಟಾ ಆಯ್ಕೆಯ ವಿಚಾರ

ಹಗರಿಯೆಂದೂ ವೇದಾವತಿಯೆಂದೂ ಹೆಸರಾದ ಹೊಳೆಯ ಬಳಿಯಲ್ಲಿರುವ ಮೋಕ ಗ್ರಾಮದ ಸುತ್ತಣ ನೆಲವು ಎರೆಭೂಮಿ. ಅಲ್ಲಿಂದ ಸಿರುಗುಪ್ಪದ ಕಡೆಗೆ ನಡೆದರೆ ಕಣ್ಣಿಗೆ ಅಡ್ಡಬರುವ ಕಾಡಾಗಲಿ ಗುಡ್ಡವಾಗಲಿ ಬಹಳ ಕಡಮೆ. ಕೃಷ್ಣಮೃಗವೂ ಎರೆಭೂತವೆಂಬ ಹಿರಿಯ ಹಕ್ಕಿಯೂ ಇಂತಹ ಬಯಲಿನ ಜೀವಿಗಳು. ಅದೇ ಬಳ್ಳಾರಿ ಸೀಮೆಯ ಪಡುವಣ ಭಾಗದಲ್ಲಿ ಸೊಂಡೂರಿನ ಬೆಟ್ಟಸಾಲೂ ದರೋಜಿಯ ಬಂಡೆಗುಡ್ಡಗಳೂ ಇವೆ. ಅವು ಕರಡಿ, ಚಿರತೆ, ಹಂದಿಗಳ ನೆಲೆ. ಬಯಲಿನ ಮೃಗವು ಬೇಟೆಗಾರನನ್ನು ದೂರದಿಂದಲೇ ಕಂಡು ಓಡುವುದು. ಬಂಡೆಯ ಮರೆಯ ಮೃಗವು ಹತ್ತು ಹೆಜ್ಜೆಯೊಳಗೆ ಎದುರಾಗುವುದು. ಬೇಟೆಯು ಶಾಸನಸಮ್ಮತವಾಗಿದ್ದ ಕಾಲದಲ್ಲಿ ಈ ಎರಡಕ್ಕೂ ಒಂದೇ ಬಗೆಯ ತೋಟಾ ಸಾಕಾಗುತ್ತಿತ್ತೇ, ಸಾಕಾಗದಿದ್ದರೆ ಯಾವುದನ್ನು ಯಾವ ನ್ಯಾಯದಿಂದ ಆರಿಸಬೇಕಾಗಿತ್ತು ಎಂಬುದೇ ಪ್ರಕೃತ ವಿಷಯ. ಬೇಟೆಯ ವರ್ಣನೆಗಳು ನಮ್ಮ ಸಾಹಿತ್ಯದಲ್ಲಿ ಹೇರಳವಾಗಿರುವುದರಿಂದ, ಅವನ್ನು ಪಾಠ ಹೇಳುವವರಿಗೂ ಈ ವಿಚಾರವು ಅಪ್ರಸ್ತುತವಲ್ಲ.

ಮೊದಲು ಶಬ್ದಗಳ ಅರ್ಥವನ್ನು ಸ್ಪಷ್ಟಪಡಿಸಿಕೊಳ್ಳತಕ್ಕದ್ದು. ಕೋವಿ ಎಂದರೆ ಮೂಲದಲ್ಲಿ ಕೊಳವೆ. ಅದು ಅಚ್ಚ ದ್ರಾವಿಡ ಶಬ್ದ. ತುಪಾಕಿ, ಬಂದೂಕು ಎಂಬವು ಪರದೇಶದಿಂದ ಆಯುಧದೊಡನೆಯೇ ಬಂದವು. ಗುಂಡು ಎಂದರೆ ಒಂಟಿಯಾದ ಸೀಸದ ಉಂಡೆ. ಚರೆ ಎಂದರೆ ಒಂದೇ ಹೊಡೆತದಲ್ಲಿ ಹರಡಿಕೊಂಡು ಹೋಗುವ ಸಣ್ಣ ಕಾಳುಗಳು. ಮದ್ದನ್ನೂ ಗುಂಡನ್ನೂ ನಳಿಗೆಯ ಬಾಯಿಯಿಂದ ಗಜದಿಂದಿಡಿದು, ಹಿಂಬದಿಯಲ್ಲಿ ಕೇಪನ್ನಿಟ್ಟು ಹೊಡೆಯುವುದು ಕೇಪಿನ ಕೋವಿ. ಮದ್ದು, ಗುಂಡು, ಕೇಪುಗಳೆಲ್ಲ ಒಂದೇ ಕೋಶದಲ್ಲಿ ಅಡಕವಾಗಿ ಹಿಂದಿನಿಂದ ಸೇರಿಸಲ್ಪಡುವುದು ತೋಟಾ. ನಳಿಗೆಯ ಒಳಮೈಯಲ್ಲಿ ಸುರುಳಿಯಾದ ಗೀರುಗಳನ್ನು ಕೊರೆದು, ಗುಂಡು ತನ್ನ ಸುತ್ತ ತಾನು ತಿರುಗುತ್ತ ನೇರವಾಗಿ ಹೋಗುವಂತೆ ಮಾಡಿದ ಕೋವಿಯೇ ರೈಫಲ್. ಒಂದು ಸಲ ಹೊಡೆಯಲು ಸಿದ್ಧಪಡಿಸಿದ ಮದ್ದುಗುಂಡಿಗೂ, ಆ ಹೊಡೆತಕ್ಕೂ ಈಡು ಎಂಬ ಹೆಸರಿದೆ.

ಮೃಗಕ್ಕೆ ತಕ್ಕ ಆಯುಧವೆಂಬ ಆಲೋಚನೆ ಕೋವಿಯೊಡನೆ ಹುಟ್ಟಿದುದಲ್ಲ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ, ಅಭಿಲಷಿತಾರ್ಥ ಚಿಂತಾಮಣಿಯೆಂದೂ ಕರೆಯಲ್ಪಡುವ ಮಾನಸೋಲ್ಲಾಸದಲ್ಲಿ, ರಾಜವಿನೋದಗಳ ನಡುವೆ ಮೃಗಯೆಗೂ ಸ್ಥಾನವಿದ್ದು ಅದರ ಹಲವು ವಿಧಗಳು ವಿಂಗಡಿಸಲ್ಪಟ್ಟಿವೆ. ಕುರುಗೋಡಿನಿಂದ ಬಲ್ಲಕುಂದೆ ಮುನ್ನೂರನ್ನು ಆಳಿದ ಸಿಂದರು ಈ ಚಾಲುಕ್ಯರ ಮಾಂಡಲಿಕರೇ ಆಗಿದ್ದರು. ಹಂಪೆಯ ಮಹಾನವಮಿ ದಿಬ್ಬದ ಕಲ್ಲುಗಳಲ್ಲಿ ಬೇಟೆಯ ದೃಶ್ಯಗಳು ಇಂದಿಗೂ ಕಾಣಬರುತ್ತವೆ. ಕಾವ್ಯಗಳಲ್ಲಿ ಬರುವ ಕ್ಷುರಪ್ರ, ಅರ್ಧಚಂದ್ರ, ಭಲ್ಲ, ನಾರಾಚ ಎಂಬ ಬಾಣಗಳ ಹೆಸರುಗಳು ಬರಿಯ ಅಲಂಕಾರಕ್ಕಾಗಿ ಹುಟ್ಟಿದವಲ್ಲ. ಅಗಲವಾದ ಅಲಗು ಕೊಯ್ಯುವುದು. ಇಡಿಯಾಗಿ ಕಬ್ಬಿಣದ ನಾರಾಚವು ಆಳಕ್ಕೆ ನೆಡುವುದು. ಕೊಯ್ಯುವುದು ಮತ್ತು ನೆಡುವುದು ಎಂಬ ಈ ಭೇದವೇ ರೈಫಲಿನ ತೋಟಾದಲ್ಲಿಯೂ ಬೇರೆ ರೂಪದಿಂದ ಮುಂದುವರಿದಿದೆ.

ತೋಟಾವನ್ನು ತೂಗಿನೋಡುವಾಗ ಗಣಿಸಬೇಕಾದ ಅಂಶಗಳು ಮುಖ್ಯವಾಗಿ ಮೂರು: ಗುಂಡಿನ ತೂಕ ಮತ್ತು ದಪ್ಪ, ಅದರ ವೇಗ, ಅದರ ಕಟ್ಟು. ಇವುಗಳಲ್ಲಿ ಮೊದಲನೆಯದಕ್ಕೇ ಹಿಂದಿನವರು ಹೆಚ್ಚು ಬೆಲೆ ಕೊಟ್ಟರು. ಹಳೆಯ ದೊಡ್ಡ ಕೋವಿಗಳ ಬಾಯಳತೆಯನ್ನು ಹೇಳುವ ಕ್ರಮವೇ ಇದಕ್ಕೆ ಸಾಕ್ಷಿ. ಒಂದು ಪೌಂಡು ಸೀಸದಲ್ಲಿ ಎಷ್ಟು ಉಂಡೆಗಳಾಗುವುವೋ ಆ ಸಂಖ್ಯೆಯೇ ಕೋವಿಯ ನಂಬರು. ೧೨ನೆಯ ನಂಬರಿನ ಉಂಡೆ ಸುಮಾರು ೩೮ ಗ್ರಾಮ್ ತೂಗುವುದು, ೮ನೆಯದು ೫೭, ೪ನೆಯದು ೧೧೩. ನಂಬರು ಇಳಿದಷ್ಟೂ ಕೋವಿ ದೊಡ್ಡದಾಗುವುದೆಂಬುದನ್ನು ಅರಿಯದೆ ಓದುವವರು ಹಳೆಯ ಬೇಟೆಯ ಬರಹಗಳಲ್ಲಿ ಅರ್ಥವನ್ನು ತಲೆಕೆಳಗು ಮಾಡಿಕೊಳ್ಳುವುದುಂಟು.

ಮೈಸೂರು ಸಂಸ್ಥಾನದಲ್ಲಿ ಖೆಡ್ಡಾ ಕ್ರಮದಿಂದ ಆನೆ ಹಿಡಿಯುವ ಕಾರ್ಯವನ್ನು ೧೮೭೪ರಲ್ಲಿ ಸಾಧಿಸಿದ ಜಿ. ಪಿ. ಸ್ಯಾಂಡರ್ಸನ್ ಎಂಬಾತನು, ಭಾರತದ ಕಾಡುಮೃಗಗಳ ನಡುವೆ ಕಳೆದ ಹದಿಮೂರು ವರ್ಷಗಳ ವಿಷಯವಾಗಿ ೧೮೭೮ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ಭಾರವಾದ ಕೋವಿಗಳ ಪಕ್ಷವನ್ನೇ ಹಿಡಿದಿದ್ದಾನೆ. ಆನೆಗೆ ೪ನೆಯ ಅಥವಾ ೮ನೆಯ ನಂಬರಿನ ಕೋವಿ ಎಂಬುದು ಆ ಕಾಲದ ಅನುಭವ. ಇದಕ್ಕೆ ಕಾರಣವೂ ಇದ್ದಿತು. ಆನೆಯ ತಲೆಯ ಮುಂಭಾಗವು ಜೇನುಗೂಡಿನಂತೆ ಪೊಳ್ಳುಗಳುಳ್ಳ ಎಲುಬಿನಿಂದ ತುಂಬಿದ್ದು, ಮಿದುಳು ಅದರ ಹಿಂದೆ ಅಡಗಿರುವುದು. ಕರಿಯ ಮದ್ದು ಗುಂಡಿಗೆ ಕೊಡಬಲ್ಲ ವೇಗಕ್ಕೆ ಒಂದು ಮಿತಿ ಉಂಟು; ಸೀಸವೋ ಮೆತ್ತಗಿನ ಲೋಹ, ಎಲುಬಿಗೆ ಬಡಿದೊಡನೆ ಚಪ್ಪಟೆಯಾಗುವುದು. ಸೀಸಕ್ಕೆ ತವರವನ್ನು ಬೆರೆಸಿ ಗಟ್ಟಿ ಮಾಡುತ್ತಿದ್ದರಾದರೂ, ವೇಗವನ್ನು ಹೆಚ್ಚಿಸಲಾರದವರು ಅಂತಿಮವಾಗಿ ತೂಕವನ್ನೇ ಹೆಚ್ಚಿಸಬೇಕಾಯಿತು. ಅದರ ಫಲವಾಗಿ ಕೋವಿಯ ಒದೆತವು ಹೊಡೆಯುವವನ ಹೆಗಲನ್ನೇ ನೋಯಿಸುವಂತಾಯಿತು.

ಹತ್ತೊಂಬತ್ತನೆಯ ಶತಮಾನದ ಕೊನೆಗೆ ಹೊಗೆಯಿಲ್ಲದ ಮದ್ದು ಬಳಕೆಗೆ ಬಂದುದರಿಂದ ಈ ಲೆಕ್ಕವೆಲ್ಲ ಬದಲಾಯಿತು. ೧೮೯೮ರಲ್ಲಿ ಲಂಡನ್ನಿನ ರಿಗ್ಬಿ ಎಂಬ ಕೋವಿಗಾರರು ಹೊರತಂದ ೪೫೦ ನೈಟ್ರೋ ಎಕ್ಸ್‌ಪ್ರೆಸ್ ತೋಟಾದ ಗುಂಡು ೩೧ ಗ್ರಾಮ್ ಮಾತ್ರವಿದ್ದರೂ ಸೆಕೆಂಡಿಗೆ ೨೧೫೦ ಅಡಿಯ ವೇಗದಿಂದ ಹೊರಡುತ್ತಿತ್ತು. ೪ನೆಯ ನಂಬರಿನ ಉಂಡೆಯ ಮೂರರಲ್ಲೊಂದು ಭಾಗಕ್ಕೂ ಕಡಮೆ ತೂಕದ ಗುಂಡು ಆನೆಯ ತಲೆಯೆಲುಬನ್ನು ಭೇದಿಸಿ ಮಿದುಳನ್ನು ಮುಟ್ಟಬಲ್ಲುದಾಯಿತು. ಆದರೆ ಆಯ್ಕೆಯು ಮೃಗ ಮತ್ತು ಮದ್ದುಗಳಿಗೆ ಮಾತ್ರ ಅಧೀನವಾಗಿರಲಿಲ್ಲ. ಸೈನ್ಯದ ಹಳೆಯ ಮಾರ್ಟಿನಿ-ಹೆನ್ರಿ ಬಂದೂಕಿನ ಬಾಯಳತೆಯೂ ೪೫೦ ಆಗಿದ್ದುದರಿಂದ, ಇಂತಹ ಗುಂಡುಗಳು ದಂಗೆಕಾರರ ಕೈಸೇರೀತೆಂಬ ಶಂಕೆಯಿಂದ ೧೯೦೭ರಲ್ಲಿ ಬ್ರಿಟಿಷ್ ಸರಕಾರವು ಈ ಅಳತೆಯ ತೋಟಾಗಳನ್ನು ಭಾರತದಲ್ಲಿ ನಿಷೇಧಿಸಿತು. ಆಗ ೪೬೫, ೪೭೦, ೪೭೫, ೪೭೬ ಎಂದು ಅಳತೆಯಲ್ಲಿ ಕೊಂಚ ಕೊಂಚ ಭೇದವುಳ್ಳ ಹೊಸ ತೋಟಾಗಳು ಹುಟ್ಟಿಕೊಂಡವು. ಅವುಗಳ ಶಕ್ತಿಯು ಹೆಚ್ಚುಕಡಮೆ ಒಂದೇ. ಇಷ್ಟು ವಿಧಗಳ ಹುಟ್ಟಿಗೆ ಕಾಡಿನ ಅಗತ್ಯಕ್ಕಿಂತ ಕಾನೂನೇ ಹೆಚ್ಚು ಕಾರಣವೆಂಬುದು ಗಮನಾರ್ಹ.

ಎರಡನೆಯ ಅಂಶವಾದ ವೇಗದ ಬೆಲೆ ಮೋಕದಂತಹ ಬಯಲಿನಲ್ಲಿ ಸ್ಪಷ್ಟವಾಗುವುದು. ಗುಂಡು ನಳಿಗೆಯನ್ನು ಬಿಟ್ಟ ಕ್ಷಣದಿಂದಲೇ ನೆಲದ ಕಡೆಗೆ ಬೀಳುತ್ತಿರುವುದು. ಸೆಕೆಂಡುಗಳ ವರ್ಗವನ್ನು ೧೬ರಿಂದ ಗುಣಿಸಿದರೆ ಬಿದ್ದ ಅಡಿಗಳು ದೊರೆಯುತ್ತವೆ. ಇನ್ನೂರು ಗಜ ಎಂದರೆ ೬೦೦ ಅಡಿ. ಸರಾಸರಿ ೧೨೦೦ ಅಡಿಯ ವೇಗದಲ್ಲಿ ಸಾಗುವ ಹಳೆಯ ಗುಂಡಿಗೆ ಅಲ್ಲಿಗೆ ಮುಟ್ಟಲು ಅರ್ಧ ಸೆಕೆಂಡು ಬೇಕು. ಅಷ್ಟರಲ್ಲಿ ಅದು ೪ ಅಡಿ ಬಿದ್ದಿರುವುದು. ಸರಾಸರಿ ೨೪೦೦ ಅಡಿಯ ವೇಗದ ಗುಂಡಿಗೆ ಕಾಲು ಸೆಕೆಂಡು ಸಾಕು. ಅದು ಬೀಳುವುದು ಒಂದೇ ಅಡಿ. ವೇಗವು ಎರಡರಷ್ಟಾದರೆ ಬೀಳುವಿಕೆ ಕಾಲುಭಾಗಕ್ಕಿಳಿಯುವುದೆಂದಾಯಿತು. ಬಟ್ಟಬಯಲಿನಲ್ಲಿ ದೂರವನ್ನು ಕಣ್ಣಳತೆಯಿಂದ ಊಹಿಸುವಾಗ ತಪ್ಪುವುದು ಸಹಜ. ನಿಧಾನವಾದ ಗುಂಡಿನಲ್ಲಿ ಆ ತಪ್ಪು ಎದೆಗೆ ತಾಗಬೇಕಾದುದನ್ನು ಕಾಲಿಗೆ ತಾಗಿಸುವುದು. ವೇಗದ ಗುಂಡಿನಲ್ಲಿ ಅದೇ ತಪ್ಪು ಬಹುಮಟ್ಟಿಗೆ ಕ್ಷಮಿಸಲ್ಪಡುವುದು. ಆದರೆ ಗುರಿತಪ್ಪಿದ ವೇಗದ ಗುಂಡು ಒಂದು ಮೈಲಿಗೂ ಮಿಕ್ಕಿ ಹೋಗಬಲ್ಲುದು. ಬಯಲಿನಲ್ಲಿ ಅದನ್ನು ತಡೆಯಲು ಗುಡ್ಡವಿಲ್ಲ, ಆಚೆಗೆ ಹೊಲದಲ್ಲಿ ಜನರಿರುವರು. ಆದಕಾರಣ ಬಯಲಿನ ತೋಟಾವನ್ನು ಆರಿಸುವವನು ಮೃಗದ ಹಿಂದೆ ಏನಿದೆಯೆಂಬುದನ್ನೂ ಆಲೋಚಿಸಬೇಕಾಗಿತ್ತು.

ಮೂರನೆಯದಾದ ಕಟ್ಟು ಎಲ್ಲಕ್ಕಿಂತಲೂ ಸೂಕ್ಷ್ಮವಾದುದು. ಸೀಸವನ್ನು ಮೂತಿಯ ಸಹಿತ ಗಟ್ಟಿ ಲೋಹದ ಕವಚದಲ್ಲಿ ಮುಚ್ಚಿದರೆ ಗುಂಡು ಆಕಾರಗೆಡದೆ ಆಳಕ್ಕೆ ನೆಡುವುದು. ಮೂತಿಯಲ್ಲಿ ಸೀಸವನ್ನು ತೆರೆದುಬಿಟ್ಟರೆ ಅದು ಮಾಂಸವನ್ನು ಹೊಕ್ಕೊಡನೆ ಅಣಬೆಯಂತೆ ಅರಳಿ ಅಗಲವಾದ ಗಾಯ ಮಾಡುವುದು. ಆನೆಗೆ ಮೊದಲನೆಯದು ತಕ್ಕುದು. ತೆಳುವಾದ ಚರ್ಮದ ಹುಲಿ, ಚಿರತೆಗಳಿಗೆ ಎರಡನೆಯದು. ಇವನ್ನು ಅದಲುಬದಲು ಮಾಡಿದರೆ ಅನರ್ಥವಾಗುವುದು. ಆನೆಯ ಎಲುಬಿನಲ್ಲಿ ಅರಳುವ ಗುಂಡು ಮೇಲೆಯೇ ಒಡೆದುಹೋಗುವುದು. ಚಿರತೆಯ ಮೈಯಲ್ಲಿ ಗಟ್ಟಿ ಗುಂಡು ಕಿರಿದಾದ ರಂಧ್ರವನ್ನು ಮಾಡಿ ಆಚೆಗೆ ಹೊರಟುಹೋಗುವುದು, ಮೃಗವು ಗಾಯಗೊಂಡು ಪೊದೆಯನ್ನು ಸೇರುವುದು.

ಇವುಗಳಲ್ಲಿ ತೂಕ, ದಪ್ಪ, ವೇಗಗಳನ್ನು ಒಂದು ಸಂಖ್ಯೆಯಲ್ಲಿ ಅಡಗಿಸುವ ಪ್ರಯತ್ನಗಳೂ ನಡೆದಿವೆ. ಆಫ್ರಿಕದ ಬೇಟೆಗಾರ ಜಾನ್ ಟೇಲರನು ೧೯೪೮ರ ತನ್ನ ಗ್ರಂಥದಲ್ಲಿ ಪೌಂಡುಗಳಲ್ಲಿ ಗುಂಡಿನ ತೂಕ, ಅಡಿಗಳಲ್ಲಿ ವೇಗ, ಅಂಗುಲಗಳಲ್ಲಿ ವ್ಯಾಸ ಇವನ್ನು ಒಂದರಿಂದೊಂದು ಗುಣಿಸಿ ತೋಟಾಗಳ ಬಡಿತದ ಬಲವನ್ನು ಹೋಲಿಸಿದನು. ಆ ಸೂತ್ರದಂತೆ ೪೫೦ರ ತೋಟಾಕ್ಕೆ ಸುಮಾರು ೬೭, ೪೦೫ ವಿಂಚೆಸ್ಟರಿಗೆ ೩೯, ೭ ಮಿಲಿಮೀಟರಿನ ಮೌಸರಿಗೆ ೧೬ ಅಂಕಗಳು ಬರುತ್ತವೆ. ಆದರೆ ಸ್ಕಾಟ್ಲೆಂಡಿನ ಡಬ್ಲ್ಯೂ. ಡಿ. ಎಂ. ಬೆಲ್ ಎಂಬಾತನು ಆಫ್ರಿಕದಲ್ಲಿ ಕೊಂದ ಸಾವಿರಕ್ಕೂ ಮೇಲ್ಪಟ್ಟ ಆನೆಗಳಲ್ಲಿ ಬಹುಪಾಲು ಈ ೧೬ ಅಂಕದ ಸಣ್ಣ ತೋಟಾಕ್ಕೇ ಬಲಿಯಾದವು. ತೆಳ್ಳಗೆ ಉದ್ದವಾದ, ಪೂರ್ಣ ಕವಚದ ಗುಂಡು ನೇರವಾಗಿ ಆಳಕ್ಕೆ ನಡೆಯುತ್ತಿತ್ತು. ಮಿದುಳು ಎಲ್ಲಿದೆಯೆಂಬುದು ಬೆಲ್ಲನಿಗೆ ಚೆನ್ನಾಗಿ ತಿಳಿದಿದ್ದಿತು. ಸೂತ್ರಕ್ಕೆ ತಿಳಿಯದಿರುವುವು ಗುಂಡಿನ ಕಟ್ಟು ಮತ್ತು ಅದು ಬೀಳುವ ಸ್ಥಳ. ಫಲವನ್ನು ನಿರ್ಣಯಿಸುವುವೂ ಅವೇ. ಆದರೂ ಬೆಲ್ಲನ ಮಾರ್ಗವು ಅವನಷ್ಟು ಕೈಗುರಿಯೂ ತಾಳ್ಮೆಯೂ ಇಲ್ಲದವರಿಗೆ ಅನುಕರಣೀಯವಲ್ಲ.

ಬೆಂಗಳೂರಿನಲ್ಲಿ ಬಾಳಿದ ಕೆನೆತ್ ಆಂಡರ್ಸನ್ (೧೯೧೦–೧೯೭೪) ಈ ಎರಡು ಕೊನೆಗಳ ನಡುವೆ ನಿಲ್ಲುತ್ತಾನೆ. ಪೂರ್ಣಚಂದ್ರ ತೇಜಸ್ವಿಯವರು ‘ಕಾಡಿನ ಕತೆಗಳು’ ಎಂದು ಕನ್ನಡಕ್ಕೆ ತಂದುದರಿಂದ ಆಂಡರ್ಸನ್ನನ ಹೆಸರು ನಮ್ಮ ವಾಚಕರಿಗೆ ಸುಪರಿಚಿತ. ಆತನ ಮೆಚ್ಚಿನ ಆಯುಧವು ೪೦೫ರ ವಿಂಚೆಸ್ಟರ್. ಅದರ ಗುಂಡು ೧೯ ಗ್ರಾಮ್‌ಗೆ ಕೊಂಚ ಮಿಕ್ಕುದು. ವೇಗ ೨೨೦೦ ಅಡಿ. ಕುದುರೆಯ ಕೆಳಗಿನ ಸನ್ನೆಯನ್ನು ಒಮ್ಮೆ ಆಡಿಸಿದರೆ ಮುಂದಿನ ತೋಟಾ ನಳಿಗೆಗೆ ಬರುವುದರಿಂದ, ಹತ್ತಿರದಿಂದ ಎರಗುವ ಹುಲಿ, ಚಿರತೆ, ಕರಡಿಗಳ ಎದುರಿಗೆ ಎರಡನೆಯ ಹೊಡೆತಕ್ಕೆ ತಡವಾಗುತ್ತಿರಲಿಲ್ಲ. ದೂರದ ಬಯಲಿಗೆ ಮೊಂಡುಮೂತಿಯ ಆ ಗುಂಡು ಅಷ್ಟು ತಕ್ಕುದಲ್ಲ. ಆದುದರಿಂದ ಆರಂಭದ ಪ್ರಶ್ನೆಗೆ ಉತ್ತರವು ಹೀಗಾಗುವುದು: ಸೊಂಡೂರು, ದರೋಜಿಗಳ ಬಂಡೆಗಳ ನಡುವೆ ೪೦೫ರಂತಹ ಭಾರವಾದ, ಅರಳುವ ಗುಂಡು ಯುಕ್ತ, ಮೋಕ, ಸಿರುಗುಪ್ಪಗಳ ಎರೆಬಯಲಿಗೆ ಹಗುರವಾದ, ವೇಗವುಳ್ಳ ಗುಂಡು ಯುಕ್ತ. ಒಂದೇ ಜಿಲ್ಲೆಯಲ್ಲಿ ಎರಡು ನ್ಯಾಯಗಳು.

ಈ ಆಯ್ಕೆಯಲ್ಲಿ ತಪ್ಪಿದರೆ ಅದರ ದಂಡವನ್ನು ತೆರುವವನು ಬೇಟೆಗಾರನಲ್ಲ. ಜಿಮ್ ಕಾರ್ಬೆಟ್ಟನು ೧೯೪೪ರ ತನ್ನ ಪ್ರಸಿದ್ಧ ಗ್ರಂಥದಲ್ಲಿ, ಹುಲಿಯು ನರಭಕ್ಷಕವಾಗಲು ಅಜಾಗ್ರತೆಯಿಂದ ಹೊಡೆದ ಗುಂಡಿನ ಗಾಯವೂ ಒಂದು ಕಾರಣವೆಂದು ಹೇಳಿದ್ದಾನೆ. ೪೩೬ ಮಂದಿಯನ್ನು ಕೊಂದಿತೆಂದು ಪ್ರಸಿದ್ಧವಾದ ಚಂಪಾವತದ ಹೆಣ್ಣುಹುಲಿಯನ್ನು ೧೯೦೭ರಲ್ಲಿ ಕೊಂದು ನೋಡಿದಾಗ, ಅದರ ಬಲಗಡೆಯ ಕೋರೆಹಲ್ಲುಗಳು ಹಳೆಯ ಗುಂಡೇಟಿನಿಂದ ಮುರಿದಿದ್ದುವು. ಎಂದೋ ಯಾರೋ ಹೊಡೆದು ಹಿಂಬಾಲಿಸದೆ ಬಿಟ್ಟ ಒಂದು ಈಡಿನ ಫಲವನ್ನು ಸೌದೆಗೂ ಹುಲ್ಲಿಗೂ ಹೋದ ಹಳ್ಳಿಯ ಹೆಂಗಸರು ಉಂಡರು. ಆಂಡರ್ಸನ್ನನ ಕಥೆಗಳಲ್ಲಿಯೂ ಇಂತಹ ಗಾಯಗೊಂಡ ಮೃಗಗಳು ಬರುತ್ತವೆ.

ಬೇಟೆಯ ಪ್ರಸಂಗಗಳನ್ನು ಪಾಠ ಹೇಳುವವರು ಈ ಭೇದಗಳನ್ನು ಮನಸ್ಸಿನಲ್ಲಿಟ್ಟರೆ ಕಥೆಯ ಗತಿಯೇ ಬೇರೆಯಾಗಿ ತೋರುವುದು. ಕುವೆಂಪು ಅವರ ‘ಕಾನೂರು ಹೆಗ್ಗಡಿತಿ’ (೧೯೩೬)ಯಂತಹ ಮಲೆನಾಡಿನ ಕಾದಂಬರಿಯಲ್ಲಿ ಕೇಪಿನ ಕೋವಿ ಯಾರದು, ತೋಟಾಕೋವಿ ಯಾರದು ಎಂಬುದು ಮನೆತನದ ಅಂತಸ್ತನ್ನೂ ಸೂಚಿಸುವುದು. ಚರೆ ತುಂಬಿದ ಕೋವಿಯೊಡನೆ ಹಕ್ಕಿಗೆಂದು ಹೊರಟವನಿಗೆ ಹಂದಿಯೋ ಹುಲಿಯೋ ಎದುರಾದರೆ ಅವನ ಕೈಯಲ್ಲಿರುವುದು ಆಯುಧವಲ್ಲ, ಅಪಾಯ. ನಳಿಗೆಯೊಳಗಿನ ಈಡನ್ನು ತೆಗೆದು ಬೇರೆಯದನ್ನು ಇಡಿಯಲು ಅವನಿಗೆ ಸಮಯವಿಲ್ಲ. ಚರೆಯೆಂದರೂ ಗುಂಡೆಂದರೂ ಒಂದೇ ಎಂದು ಭಾವಿಸಿದ ವಾಚಕನಿಗೆ ಆ ಭಯವು ತಿಳಿಯದು.

೧೯೭೨ರ ವನ್ಯಜೀವಿ ಸಂರಕ್ಷಣಾ ಅಧಿನಿಯಮದ ಮೇಲೆ ಕೃಷ್ಣಮೃಗ, ಎರೆಭೂತ, ಕರಡಿ, ಚಿರತೆ, ಹುಲಿ, ಆನೆಗಳ ಬೇಟೆಯು ದಂಡಾರ್ಹವಾದ ಅಪರಾಧ. ದರೋಜಿಯಲ್ಲಿ ೧೯೯೪ರಲ್ಲಿ ಕರಡಿಧಾಮವು ಸ್ಥಾಪಿತವಾಯಿತು. ಎರೆಭೂತವು ದೇಶದಲ್ಲಿಯೇ ಅಳಿವಿನ ಅಂಚಿಗೆ ಬಂದಿದೆ. ಆದುದರಿಂದ ತೋಟಾದ ಆಯ್ಕೆಯು ಇಲ್ಲಿ ಇನ್ನು ಕೈಯ ವಿದ್ಯೆಯಲ್ಲ, ಓದಿನ ವಿದ್ಯೆ. ಕನ್ನಡದಲ್ಲಿ ಈಡು ಎಂಬ ಶಬ್ದಕ್ಕೆ ಕೋವಿಯ ಹೊಡೆತವೆಂಬ ಅರ್ಥದೊಡನೆ ಸಮ, ಸಾಟಿ, ತಕ್ಕುದು ಎಂಬ ಅರ್ಥವೂ ಇದೆ. ಮೃಗಕ್ಕೆ, ನೆಲಕ್ಕೆ, ಹೊಡೆಯುವವನ ಕೈಗೆ ಈಡಾದುದೇ ಸರಿಯಾದ ಈಡು ಎಂಬಲ್ಲಿಗೆ ಈ ವಿಚಾರವೆಲ್ಲವೂ ಬಂದು ನಿಲ್ಲುವುದು.