ಘಟಕ ಮತ್ತು ಸೇವೆ

ಕಂಪ್ಯೂಟರಿಗೆ ಕ್ರಮವಿಧಿಗಳನ್ನು ರಚಿಸುವವರ ಮಾತಿನಲ್ಲಿ ‘ಘಟಕ’, ‘ಸೇವೆ’ ಎಂಬ ಎರಡು ಶಬ್ದಗಳು ಮತ್ತೆ ಮತ್ತೆ ಕೇಳಿಬರುತ್ತವೆ. ಎರಡೂ ಪರರು ಮಾಡಿಟ್ಟ ಕೆಲಸವನ್ನು ನಾವು ಬಳಸಿಕೊಳ್ಳುವ ಬಗೆಗಳೇ. ಆದರೂ ಅವುಗಳ ನಡುವಣ ಅಂತರವನ್ನು ಮರೆತು ಕಟ್ಟಿದ ವ್ಯವಸ್ಥೆ ಸಮಯಕ್ಕೆ ಒದಗುವುದಿಲ್ಲ. ಈ ಅಂತರವನ್ನು ಬೆಳಗಾವಿ ಜಿಲ್ಲೆಯ ಮೂರು ಊರುಗಳ ನೆರವಿನಿಂದ ವಿವರಿಸಲು ಯತ್ನಿಸುತ್ತೇನೆ.

ಗೋಕಾಕದ ಬಳಿ ಘಟಪ್ರಭೆ ಸುಮಾರು 170 ಅಡಿ ಆಳಕ್ಕೆ ಧುಮುಕುತ್ತದೆ. 1887ರಷ್ಟು ಹಿಂದೆಯೇ ಅಲ್ಲಿಯ ನೂಲಿನ ಗಿರಣಿ ಆ ನೀರಿನ ಬಲವನ್ನು ಪಳಗಿಸಿಕೊಂಡಿತು. ಶಕ್ತಿಯನ್ನು ಒದಗಿಸುವ ಯಂತ್ರ ಗಿರಣಿಯ ಅಂಗವೇ ಆಗಿತ್ತು. ಘಟಕವೆಂದರೆ ಇಂಥದು. ಬೇರೊಬ್ಬರು ರಚಿಸಿದ್ದನ್ನು ತಿದ್ದದೆ ತಂದು ನಮ್ಮ ಕ್ರಮವಿಧಿಯೊಳಗೆ ಕೂಡಿಸಿಕೊಳ್ಳುತ್ತೇವೆ. ಕರೆದೊಡನೆ ಅದು ಓಗೊಡುತ್ತದೆ. ಅದರ ಯೋಗಕ್ಷೇಮದ ಹೊರೆಯೂ ನಮ್ಮದೇ.

ಹುಕ್ಕೇರಿಯ ಮಾತು ಬೇರೆ. ಅಲ್ಲಿ 1969ರಲ್ಲಿ ಗ್ರಾಮೀಣ ವಿದ್ಯುತ್ ಸಹಕಾರ ಸಂಘ ಹುಟ್ಟಿತು. ಸಂಘವು ವಿದ್ಯುತ್ತನ್ನು ಕೊಂಡು ಊರೂರಿಗೆ ಹಂಚುತ್ತದೆ. ಪಂಪಿನ ಗುಂಡಿ ಒತ್ತುವ ರೈತ, ಆ ವಿದ್ಯುತ್ತು ನದಿಯದೋ ಕಲ್ಲಿದ್ದಲಿನದೋ ಎಂದು ವಿಚಾರಿಸಬೇಕಾಗಿಲ್ಲ. ಇದು ಸೇವೆ. ಆದರೆ ನಡುವೆ ಕಂಬಗಳಿವೆ, ತಂತಿಗಳಿವೆ. ಒಂದು ಮರ ಉರುಳಿದರೂ ಪಂಪು ನಿಲ್ಲುತ್ತದೆ.

ಮಾರ್ಟಿನ್ ಫೌಲರ್ ಅವರು 2004ರ ಲೇಖನವೊಂದರಲ್ಲಿ ಈ ಭೇದವನ್ನು ಸ್ಪಷ್ಟಪಡಿಸಿದರು: ಘಟಕದ ಬಳಕೆ ಇದ್ದಲ್ಲಿಯೇ, ಸೇವೆಯ ಬಳಕೆ ದೂರದಿಂದ. ಆ ಲೇಖನದ ಮುಖ್ಯ ವಿಷಯ ‘ಕಂಟೇನರ್’ ಎಂಬ ವ್ಯವಸ್ಥೆ. ಇದರಲ್ಲಿ ಕ್ರಮವಿಧಿಯ ಯಾವ ಭಾಗವೂ ತನಗೆ ಬೇಕಾದುದನ್ನು ತಾನೇ ಹುಡುಕಿಕೊಂಡು ಹೋಗುವುದಿಲ್ಲ. ಇಂಥ ಕೆಲಸ ಬಲ್ಲವರು ಬೇಕು ಎಂದಷ್ಟೇ ಸೂಚಿಸುತ್ತದೆ. ಕಂಟೇನರ್ ತಕ್ಕವರನ್ನು ಒದಗಿಸುತ್ತದೆ. ಮದುವೆಯ ಮನೆಯಲ್ಲಿ ಉಗ್ರಾಣದ ಹಿರಿಯರು ಅಡುಗೆಯವರಿಗೆ ಬೇಕಾದುದನ್ನು ಕೈಗೆ ತಲಪಿಸುವಂತೆ ಇದು.

ಇದರ ಪ್ರಯೋಜನವನ್ನು ಮೂಡಲಗಿಯಲ್ಲಿ ಕಾಣಬಹುದು. 2000ದ ಸುಮಾರಿಗೆ ರಾಜ್ಯದ ‘ಭೂಮಿ’ ಯೋಜನೆ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿದಾಗ ಮೂಡಲಗಿ ಗೋಕಾಕ ತಾಲ್ಲೂಕಿಗೆ ಸೇರಿತ್ತು. 2018ರ ಹೊತ್ತಿಗೆ ತಾನೇ ತಾಲ್ಲೂಕಾಯಿತು. ತಾಲ್ಲೂಕು ಕಚೇರಿ ಬದಲಾದರೂ ಊರಿನ ಹೆಸರು, ಸರ್ವೆ ನಂಬರು ಹೇಳಿ ಪಹಣಿ ಕೇಳುವ ಕ್ರಮ ಬದಲಾಗಲಿಲ್ಲ. ಕೇಳುವ ಬಗೆ ಸ್ಥಿರವಾಗಿದ್ದರೆ ಕೊಡುವವರನ್ನು ಬದಲಿಸುವುದು ಸುಲಭ.

ಅಪಾಯವೂ ಇಲ್ಲಿಯೇ ಇದೆ. ಕಂಟೇನರ್ ಕೊಟ್ಟದ್ದು ಘಟಕವೋ ದೂರದ ಸೇವೆಯೋ ಎಂಬುದು ಕೇಳಿದವರಿಗೆ ತಿಳಿಯದೆ ಹೋಗಬಹುದು. ಘಟಕವನ್ನು ನೂರು ಸಲ ಕರೆದರೂ ಹೊತ್ತು ಹಿಡಿಯದು. ಸೇವೆಯನ್ನು ನೂರು ಸಲ ಕರೆದರೆ ನೂರು ಸಲವೂ ತಂತಿಯ ದಾರಿ ಸವೆಸಬೇಕು. ನಡುವೆ ಸಂಪರ್ಕ ಕಡಿದರೆ, ಬೆಳೆಸಾಲದ ಕೊನೆಯ ದಿನ ಪಹಣಿಗಾಗಿ ಸಾಲಿನಲ್ಲಿ ನಿಂತ ರೈತ ಬರಿಗೈಯಲ್ಲಿ ಮರಳುತ್ತಾನೆ. ಆದ್ದರಿಂದ ಸೇವೆಯನ್ನು ನೆಚ್ಚುವಾಗ ಬೇಕಾದುದನ್ನೆಲ್ಲ ಒಂದೇ ಸಲಕ್ಕೆ ಕೇಳಬೇಕು. ಎಷ್ಟು ಹೊತ್ತು ಕಾಯುವುದೆಂದು ಗೊತ್ತುಮಾಡಬೇಕು. ಉತ್ತರ ಬಾರದಿದ್ದರೆ ಏನು ಮಾಡಬೇಕೆಂಬುದನ್ನು ಮೊದಲೇ ಬರೆದಿಡಬೇಕು. ಗಿರಣಿಯವರಿಗೆ ತಂತಿಯ ಚಿಂತೆ ಬೇಕಿರಲಿಲ್ಲ. ಹುಕ್ಕೇರಿಯ ರೈತನಿಗೆ ಅದು ಬೇಕು.